ಡಾಕ್ಟರ್ ಯೆಲ್ಲಾಪ್ರಗಡ ಸುಬ್ಬರಾಯರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಿಂದ ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ಯುವ ತಾಯಿತಂದೆಗಳ ಕಿವಿಗೆ ಮೆಥೊಟ್ರೆಕ್ಸೇಟ್ ಎಂಬ ಔಷಧದ ಹೆಸರು ಬೀಳುವುದುಂಟು. ಅದರ ಹಿಂದೆ ದುಡಿದ ಮಹನೀಯರ ಹೆಸರನ್ನು ಕೇಳಿದವರು ವಿರಳ.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಆಗಿನ ಮದರಾಸು ಪ್ರಾಂತದ ಭೀಮವರದಲ್ಲಿ ಜನಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಾರಿ ತಪ್ಪಿ ಮೂರನೆಯ ಸಾರಿ ತೇರ್ಗಡೆಯಾದರು. ಮಕ್ಕಳ ಅಂಕಪಟ್ಟಿಯನ್ನು ನೋಡಿ ಮುನಿಯುವ ತಂದೆಯವರು ಇದನ್ನು ಗಮನಿಸಬೇಕು. ಮದರಾಸಿನ ವೈದ್ಯ ಕಾಲೇಜಿನಲ್ಲಿ ಖಾದಿಯನ್ನುಟ್ಟು ಗುರುಗಳ ಅಸಮಾಧಾನಕ್ಕೆ ಗುರಿಯಾಗಿ, ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಕೆಳದರ್ಜೆಯ ಎಲ್.ಎಂ.ಎಸ್. ಪಡೆದರು. ಸ್ಪ್ರೂ ಎಂಬ ಕರುಳಿನ ವ್ಯಾಧಿಯು ಅವರ ಒಡಹುಟ್ಟಿದವರನ್ನು ಬಲಿತೆಗೆದುಕೊಂಡಿತ್ತು. ಆ ದುಃಖವನ್ನು ಹೊತ್ತು 1920ರ ದಶಕದ ಆದಿಯಲ್ಲಿ ಅಮೆರಿಕಾ ದೇಶಕ್ಕೆ ತೆರಳಿದವರು ಮರಳಿ ಬರಲೇ ಇಲ್ಲ. ಊರಿನಲ್ಲಿ ಉಳಿದ ಪತ್ನಿ ಶೇಷಗಿರಿಯಮ್ಮನವರ ಕಾಯುವಿಕೆಯನ್ನು ಚರಿತ್ರಕಾರರು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಹಾರ್ವರ್ಡಿನಲ್ಲಿ ಹಲವು ವರುಷ ದುಡಿದು, 1940ರಲ್ಲಿ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಅವರ ಮೇಲ್ವಿಚಾರಣೆಯಲ್ಲಿ, ಸೊಪ್ಪುಗಳಲ್ಲಿರುವ ಫೋಲಿಕ್ ಆಮ್ಲವು ಕೃತಕವಾಗಿ ತಯಾರಿಸಲ್ಪಟ್ಟಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಉಪಶಮನವನ್ನಿತ್ತಿತು. ಆದರೆ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರರು ಅದೇ ಬಗೆಯ ವಸ್ತುಗಳನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಡಲು, ರೋಗವು ಉಲ್ಬಣಿಸಿದಂತೆ ತೋರಿತು. ರೋಗವನ್ನು ಪೋಷಿಸುವುದು ಇದೇ ಆದರೆ ಇದನ್ನು ತಡೆಯಬಾರದೇಕೆ? ಲೆಡರ್ಲೆಯವರು ಅಮಿನೊಪ್ಟೆರಿನ್ ಎಂಬ ಹುಸಿ ಆಮ್ಲವನ್ನು ಒದಗಿಸಿದರು. ಬೀಗದೊಳಗೆ ಹೊಕ್ಕು ತಿರುಗದೆ ಸಿಕ್ಕಿಕೊಂಡ ಕೀಲಿಕೈಯಂತೆ ಅದು ಜೀವಕೋಶದ ಕಿಣ್ವವೊಂದನ್ನು ಹಿಡಿದು ನಿಲ್ಲುತ್ತದೆ. ಕೋಶವು ಇಬ್ಭಾಗವಾಗಲಾರದೆ ಸಾಯುತ್ತದೆ. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು, ಕೆಲವು ತಿಂಗಳ ಮಟ್ಟಿಗೆ ಮಾತ್ರ.

ಇದರ ಸೋದರಿಯೇ ಮೆಥೊಟ್ರೆಕ್ಸೇಟ್. ಬೇರೆ ಔಷಧಗಳೊಡನೆ ಕೂಡಿಸಿ ಕೊಡುವುದರಿಂದ ಇಂದು ಅನೇಕ ಮಕ್ಕಳು ಪೂರ್ಣ ಗುಣಹೊಂದುತ್ತಾರೆ. ಆದರೆ ಶತ್ರು ಮಿತ್ರ ಎಂಬ ಭೇದವನ್ನು ಅದು ಅರಿಯದು. ಬೇಗಬೇಗನೆ ವೃದ್ಧಿಯಾಗುವ ಬಾಯಿಯ ಒಳಪೊರೆ, ಕರುಳು, ಮೂಳೆಯ ಮಜ್ಜೆ, ಕೂದಲಿನ ಬುಡ ಇವೂ ನೋಯುತ್ತವೆ. ಬಾಯಿಹುಣ್ಣು, ವಾಂತಿ, ಕೂದಲುದುರುವಿಕೆ ಇವುಗಳಿಗೆ ಹೆದರಿ ಚಿಕಿತ್ಸೆಯನ್ನು ನಡುವೆ ಬಿಡುವವರುಂಟು. ಹಾಗೆ ಬಿಟ್ಟರೆ ರೋಗವು ಮರುಕಳಿಸಬಹುದು. ಕೂದಲು ಮತ್ತೆ ಬೆಳೆಯುತ್ತದೆ. ಬಿಳಿಯ ರಕ್ತಕಣಗಳು ತಗ್ಗಿದಾಗ ಬರುವ ಜ್ವರವೇ ಅಪಾಯಕರ. ಆಗ ಒಂದು ರಾತ್ರಿಯೂ ತಡಮಾಡದೆ ಆಸ್ಪತ್ರೆಯನ್ನು ಸೇರಬೇಕು.

ಫಾರ್ಬರರ ವರದಿಯು 1948ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಅದೇ ಆಗಸ್ಟಿನಲ್ಲಿ ಸುಬ್ಬರಾಯರು ತಮ್ಮ 53ನೆಯ ವಯಸ್ಸಿನಲ್ಲಿ ದೈವಾಧೀನರಾದರು.