ಶ್ರೀ ವಾಣೀವಿಲಾಸ ಸನ್ನಿಧಾನದವರೂ ಸ್ತ್ರೀಯರ ಆರೋಗ್ಯವೂ

ಬೆಂಗಳೂರಿನ ಹಳೆಯ ಕೋಟೆಯ ಸಮೀಪದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯ ಮಗ್ಗುಲಲ್ಲಿ, ವಾಣೀವಿಲಾಸ ಆಸ್ಪತ್ರೆ ನಿಂತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಗಳಲ್ಲಿ ಹೆರಿಗೆ ಕಷ್ಟಕ್ಕಿಟ್ಟುಕೊಂಡಿತೆಂದರೆ ಗರ್ಭಿಣಿಯನ್ನು ಮೊದಲು ತಾಲ್ಲೂಕು ಆಸ್ಪತ್ರೆಗೂ, ಅಲ್ಲಿಂದ ತುಮಕೂರಿಗೂ, ಅಲ್ಲಿಯೂ ಕೈಮೀರಿದರೆ ಬೆಂಗಳೂರಿಗೂ ಸಾಗಿಸಬೇಕಾಗುವುದು. ಹಾಗೆ ಬಂದವರ ಬಾಯಲ್ಲಿ ವಾಣೀವಿಲಾಸವೆಂಬುದು ಒಂದು ಕಟ್ಟಡದ ಹೆಸರು ಮಾತ್ರ. ಅದು ಒಬ್ಬ ತಾಯಿಯ ಬಿರುದಾಗಿತ್ತೆಂಬುದೂ, ಆ ತಾಯಿ ಏಳು ವರ್ಷಕ್ಕೂ ಮೀರಿ ಈ ಸೀಮೆಗಳೂ ಸೇರಿದ ಮೈಸೂರು ಸಂಸ್ಥಾನವನ್ನು ಆಳಿದರೆಂಬುದೂ ಬಹುಮಂದಿಗೆ ಮರೆತುಹೋಗಿದೆ. ಅಣೆಕಟ್ಟು, ವಿದ್ಯುಚ್ಛಕ್ತಿಗಳ ಸಂಬಂಧವಾಗಿ ಅವರ ಆಡಳಿತವನ್ನು ಕೊಂಡಾಡುವವರು ಉಂಟು. ಹೆಂಗಸರ ದೇಹಾರೋಗ್ಯದ ಕಡೆಯಿಂದ ಅವರ ಜೀವನವನ್ನು ನೋಡಿದವರು ಕಡಮೆ.

ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು ೧೮೬೬ನೆಯ ಇಸವಿಯಲ್ಲಿ, ಕಳಲೆಯ ಅರಸು ಮನೆತನದಲ್ಲಿ. ೧೮೭೮ರಲ್ಲಿ ಚಾಮರಾಜೇಂದ್ರ ಒಡೆಯರವರೊಡನೆ ವಿವಾಹವಾಯಿತು. ಆಗ ವಧುವಿಗೆ ಹನ್ನೆರಡರ ಸುಮಾರು, ವರನಿಗೆ ಹದಿನೈದು. ಹಿರಿಯ ಮಗನಾದ ಕೃಷ್ಣರಾಜರು ಹುಟ್ಟಿದ್ದು ೧೮೮೪ರಲ್ಲಿ, ಕಿರಿಯರಾದ ನರಸಿಂಹರಾಜರು ೧೮೮೮ರಲ್ಲಿ. ಇವರಲ್ಲದೆ ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ ಎಂಬ ಮೂವರು ಕುಮಾರಿಯರು. ಇಪ್ಪತ್ತೆಂಟು ತುಂಬುವ ಹೊತ್ತಿಗೆ ಈ ಐವರ ತಾಯಿಯಾಗಿದ್ದರು. ಅರಮನೆಯಾಗಲಿ ಗುಡಿಸಲಾಗಲಿ, ಅಂದಿನ ಸ್ತ್ರೀಜೀವನದ ಕ್ರಮವೇ ಹಾಗಿತ್ತು: ಬೆಳೆಯುವ ದೇಹದಲ್ಲಿಯೇ ಮತ್ತೊಂದು ದೇಹ ಬೆಳೆಯುವುದು. ಸೊಂಟದ ಎಲುಬು ಪೂರ್ತಿ ಬಲಿಯದ ಹುಡುಗಿಗೆ ಹೆರಿಗೆ ತಡೆಯುವುದೂ, ದಿನಗಟ್ಟಲೆ ಬೇನೆ ತಿಂದು ಕೂಸು ಸಾಯುವುದೂ, ತಾಯಿ ಉಳಿದರೂ ಮೂತ್ರಕೋಶಕ್ಕೆ ಗಾಯವಾಗಿ ಜೀವಮಾನವೆಲ್ಲ ನಾಚಿಕೆಯಲ್ಲಿ ಕಳೆಯುವುದೂ ಅಪರೂಪವಾಗಿರಲಿಲ್ಲ.

ಈ ವಿಷಯದಲ್ಲಿ ಮೈಸೂರು ಸರಕಾರವು ಬ್ರಿಟಿಷ್ ಇಂಡಿಯಾಕ್ಕಿಂತ ಮುಂದೆ ಹೆಜ್ಜೆಯಿಟ್ಟಿತೆಂಬುದು ನಮ್ಮ ನಾಡಿಗೆ ಗೌರವದ ಸಂಗತಿ. ೧೮೯೧ರಲ್ಲಿ ಬ್ರಿಟಿಷ್ ಸರಕಾರವು ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ದೇಶದಲ್ಲೆಲ್ಲ ಕೋಲಾಹಲವಾಯಿತು. ಲೋಕಮಾನ್ಯ ತಿಲಕರೇ ಅದನ್ನು ವಿರೋಧಿಸಿದರು. ಪರರಾಜ್ಯದವರು ನಮ್ಮ ಮನೆಯೊಳಕ್ಕೆ ಕೈಹಾಕಬಾರದೆಂಬ ಅವರ ಅಭಿಮಾನವು ನಮಗೆ ಪೂಜ್ಯವಾದುದೇ. ಆದರೆ ಆ ಅಭಿಮಾನದ ಬೆಲೆಯನ್ನು ತೆರಬೇಕಾಗಿದ್ದವರು ಹತ್ತು ಹನ್ನೊಂದು ವರ್ಷದ ಹುಡುಗಿಯರು. ಈ ಒಂದು ವಿಚಾರದಲ್ಲಿ ಆ ಮಹಾಪುರುಷರ ಪಕ್ಷವನ್ನು ನಾವು ವಹಿಸಲಾರೆವು. ಮೂರು ವರ್ಷಗಳ ತರುವಾಯ, ೧೮೯೪ರಲ್ಲಿ, ಮೈಸೂರಿನಲ್ಲಿ ಶಿಶುವಿವಾಹ ನಿಷೇಧದ ಕಾನೂನು ಬಂದಿತು. ಎಂಟು ವರ್ಷ ತುಂಬದ ಹುಡುಗಿಯ ಮದುವೆಯೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕೈಹಿಡಿಯುವುದೂ ಶಿಕ್ಷಾರ್ಹವಾದುವು. ಇಂದಿನ ಕಣ್ಣಿಗೆ ಎಂಟು ವರ್ಷವೆಂಬುದು ನಗೆಗೀಡಾದ ಎಲ್ಲೆ. ಆದರೆ ಮದುವೆಯೆಂಬ ಕಾರ್ಯಕ್ಕೇ ಕಾನೂನಿನ ಗೆರೆ ಎಳೆದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಅಂಥ ಕಾನೂನಾದ ಶಾರದಾ ಶಾಸನವು ಬರಲು ೧೯೨೯ರವರೆಗೆ ಕಾಯಬೇಕಾಯಿತು.

ಕಾನೂನು ಬಂದ ವರ್ಷವೇ, ಡಿಸೆಂಬರ್ ೨೮ರಂದು, ಕಲ್ಕತ್ತೆಗೆ ಹೋಗಿದ್ದ ಚಾಮರಾಜೇಂದ್ರರು ಗಂಟಲಮಾರಿಯಿಂದ ಅಲ್ಲಿಯೇ ತೀರಿಕೊಂಡರು. ಅವರಿಗಿನ್ನೂ ಮೂವತ್ತೊಂದು ವರ್ಷ. ರೋಗಾಣುವಿನಿಂದ ಬರುವ, ಇಂದು ಕೂಸಿಗೆ ಹಾಕಿಸುವ ಲಸಿಕೆಯಿಂದ ತಪ್ಪಿಹೋಗುವ ಆ ರೋಗವು ಸಿಂಹಾಸನವನ್ನು ಬರಿದುಮಾಡಿತು. ಹತ್ತು ವರ್ಷದ ಮಗನ ಪರವಾಗಿ ರಾಜ್ಯಭಾರವು ಇಪ್ಪತ್ತೆಂಟರ ವಿಧವೆಯ ಮೇಲೆ ಬಿದ್ದಿತು. ೧೮೯೫ರಿಂದ ೧೯೦೨ರ ಆಗಸ್ಟಿನವರೆಗೆ ಅವರು ರೀಜೆಂಟರಾಗಿದ್ದರು. ದಿವಾನ್ ಶೇಷಾದ್ರಿ ಅಯ್ಯರವರ ದಕ್ಷತೆಯನ್ನು ಎಲ್ಲರೂ ಬಲ್ಲರು. ಅವರ ಕಾರ್ಯಗಳಿಗೆ ಮಹಾರಾಣಿಯವರ ಬೆಂಬಲವಿತ್ತು. ಮಾರಿಕಣಿವೆಯ ಅಣೆಕಟ್ಟು ೧೮೯೮ರಲ್ಲಿ ಪ್ರಾರಂಭವಾಗಿ ೧೯೦೭ರಲ್ಲಿ ಮುಗಿದು ವಾಣೀವಿಲಾಸ ಸಾಗರವೆನಿಸಿತು. ಶಿವನಸಮುದ್ರದ ವಿದ್ಯುಚ್ಛಕ್ತಿ ೧೯೦೨ರಲ್ಲಿ ಹರಿಯಿತು. ಹರಿದದ್ದು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ, ಎಂದರೆ ವಿಲಾಯತಿ ಕಂಪೆನಿಗಳಿಗೆ, ಎಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ.

೧೮೯೭ರ ಜೂನ್ ೨೨ರಂದು ಮಹಾರಾಣಿಯವರು ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲಿಟ್ಟರು. ಚಕ್ರವರ್ತಿನಿಯ ಅರುವತ್ತು ವರ್ಷಗಳ ಆಳ್ವಿಕೆಯ ನೆನಪಿಗಾಗಿ ಆ ಹೆಸರು. ಹೆಸರೇನೇ ಇರಲಿ, ಆಸ್ಪತ್ರೆ ಮೈಸೂರಿನ ಪ್ರಜೆಗಳದಾಯಿತು. ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಬಡಿಯಿತು. ಇಕ್ಕಟ್ಟಾದ ಪೇಟೆಯ ಕತ್ತಲೆಕೋಣೆಗಳಲ್ಲಿ ಇಲಿಗಳೊಡನೆ ಮನುಷ್ಯರೂ ಬಿದ್ದರು. ಗಾಳಿಬೆಳಕಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಪೆಟ್ಟಿನಿಂದಲೇ. ೧೯೦೦ದ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಆಸ್ಪತ್ರೆಯನ್ನು ತೆರೆದನು.

ಆದರೆ ಆಸ್ಪತ್ರೆ ತೆರೆದ ಮಾತ್ರಕ್ಕೆ ಹೆಂಗಸರು ಅದರ ಬಾಗಿಲು ತುಳಿಯುವರೇ? ಗಂಡಸು ವೈದ್ಯನ ಮುಂದೆ ಕುಲಸ್ತ್ರೀಯರು ನಾಲಗೆಯನ್ನು ಸಹ ತೋರಿಸದ ಕಾಲವದು. ವೈದ್ಯೆಯರನ್ನೂ ದಾದಿಯರನ್ನೂ ತರಬೇತು ಮಾಡುವುದಕ್ಕಾಗಿಯೇ ೧೮೮೫ರಲ್ಲಿ ಲೇಡಿ ಡಫರಿನ್ನಳ ಹೆಸರಿನ ನಿಧಿ ಏರ್ಪಟ್ಟದ್ದು. ಆ ಲಜ್ಜೆ ಇಂದಿಗೂ ಪೂರ್ಣವಾಗಿ ಹೋಗಿಲ್ಲ. ಮುಟ್ಟಿನ ರಕ್ತ ಮಿತಿಮೀರಿ ಹೋಗುವುದು, ಬಿಳಿಸೆರಗು ಬಣ್ಣಗೆಟ್ಟು ನಾರುವುದು, ಗರ್ಭಕೋಶ ಜಾರುವುದು, ಮುಟ್ಟು ನಿಂತು ವರ್ಷ ಕಳೆದಮೇಲೆ ಮತ್ತೆ ರಕ್ತ ಕಾಣುವುದು, ಸ್ತನದಲ್ಲಿ ನೋಯದ ಗಂಟು ಏಳುವುದು: ಇವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಮಲಗಿದಲ್ಲಿಂದ ಏಳಲಾರದಾದಾಗ ಗಂಡನಿಗೆ ಹೇಳುವ ಗೃಹಿಣಿಯರು ವಿದ್ಯಾವಂತರ ಮನೆಗಳಲ್ಲಿಯೂ ಇದ್ದಾರೆ. ಕಡೆಯ ಎರಡು ಲಕ್ಷಣಗಳು ಅರ್ಬುದದ ಸೂಚನೆಯಾಗಿರಬಹುದು. ಬೇಗ ತೋರಿಸಿದರೆ ಗುಣವಾಗುವುದುಂಟು, ತಡಮಾಡಿದರೆ ಇಲ್ಲ.

ರಾಜಧಾನಿಯಲ್ಲಿ ಇಷ್ಟಾದರೆ ಪಾವಗಡದಂಥ ಗಡಿ ತಾಲ್ಲೂಕಿನ ಪಾಡೇನು? ಮೂರು ಕಡೆ ಆಂಧ್ರದ ನೆಲ, ಬಂಡೆಗುಡ್ಡ, ಕಡಲೆಕಾಯಿ ಹೊಲ, ನಂಬಲಾಗದ ಮಳೆ. ಅಲ್ಲಿ ಸ್ತ್ರೀಯರಿಗೆ ಒದಗಿದವಳು ಸೂಲಗಿತ್ತಿ. ಅದೇ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರ ಹೆಸರನ್ನು ವಾಚಕರು ಕೇಳಿಯೇ ಇರುವರು. ೧೯೨೦ರಲ್ಲಿ ಹುಟ್ಟಿ, ಅಜ್ಜಿಯಿಂದ ಕಸುಬು ಕಲಿತು, ತಾವೇ ಹನ್ನೆರಡು ಮಕ್ಕಳನ್ನು ಹೆತ್ತು ಅವರಲ್ಲಿ ನಾಲ್ವರನ್ನು ಕಳೆದುಕೊಂಡು, ಹದಿನೈದು ಸಾವಿರಕ್ಕೂ ಮಿಕ್ಕ ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದರೆಂದು ಪ್ರಸಿದ್ಧರಾದರು. ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, ೨೦೧೮ರಲ್ಲಿ ಭಾರತ ಸರಕಾರವು ಪದ್ಮಶ್ರೀಯನ್ನೂ ಇತ್ತುವು. ಅದೇ ವರ್ಷದ ಡಿಸೆಂಬರ್ ೨೫ರಂದು ಕಾಲವಾದರು. ಮಹಾರಾಣಿಯವರ ರೀಜೆನ್ಸಿ ಮುಗಿದು ನಾಲ್ಕು ದಶಕಗಳಾಗುವ ಹೊತ್ತಿಗೆ ಈ ತಾಯಿ ಹಳ್ಳಿಯಲ್ಲಿ ಮೊದಲ ಹೆರಿಗೆ ಮಾಡಿಸಿದರು. ಅಷ್ಟು ವರ್ಷಗಳಲ್ಲಿ ಸಂಸ್ಥಾನದ ದ್ರವ್ಯವು ಪಾವಗಡದ ಹಳ್ಳಿಯ ಬಾಣಂತಿಯ ಕೋಣೆಯವರೆಗೆ ತಲಪಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸೂಲಗಿತ್ತಿಯ ಕೈಗುಣವನ್ನು ನಾವು ಹಳಿಯುವುದಿಲ್ಲ. ಅನುಭವವುಳ್ಳವಳು ಕೂಸಿನ ತಲೆ ಎತ್ತಲಿದೆಯೆಂಬುದನ್ನು ಹೊಟ್ಟೆ ಮುಟ್ಟಿ ಹೇಳಬಲ್ಲಳು. ಆದರೆ ಹೆತ್ತಮೇಲೆ ಗರ್ಭಕೋಶ ಕುಗ್ಗದೆ ರಕ್ತ ಸುರಿಯತೊಡಗಿದರೆ ಒಂದೆರಡು ಗಂಟೆಯೊಳಗೆ ಪ್ರಾಣ ಹೋಗುವುದು. ಅದಕ್ಕೆ ಸೂಜಿಮದ್ದೂ ಪರರಕ್ತವೂ ಬೇಕು; ಕಷಾಯ ಸಾಲದು. ಬಾಣಂತಿ ಜ್ವರವು ಮುಟ್ಟಿದ ಕೈಯಿಂದಲೇ ಹರಡುವುದೆಂದು ವಿಯೆನ್ನಾದ ವೈದ್ಯ ಸೆಮ್ಮಲ್‌ವೈಸ್ ೧೮೪೭ರಲ್ಲಿಯೇ ತೋರಿಸಿಕೊಟ್ಟನು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದೊಡನೆ ಅವನ ವಾರ್ಡಿನ ಸಾವುಗಳು ಇಳಿದುವು. ಅವನ ಕಾಲದ ದೊಡ್ಡ ವೈದ್ಯರು ನಂಬಲಿಲ್ಲ. ಇತ್ತ ನಮ್ಮಲ್ಲಿ ಬಾಣಂತಿಯನ್ನು ಹೊಗೆ ತುಂಬಿದ ಕತ್ತಲೆಮನೆಯಲ್ಲಿ ಕೂಡಿಹಾಕಿ, ನೀರು ಕುಡಿದರೆ ಶೀತವೆಂದು ಬಾಯಾರಿಸುವ ಪಥ್ಯವು ಇನ್ನೂ ಅಲ್ಲಲ್ಲಿ ಉಳಿದಿದೆ. ಹಾಲೂಡುವ ತಾಯಿಗೆ ನೀರೂ ಸೊಪ್ಪೂ ಬೇಳೆಯೂ ಹೆಚ್ಚಾಗಿ ಬೇಕು. ಹೆರಿಗೆಯಾದ ಆರು ವಾರದೊಳಗೆ ಜ್ವರ, ನಾರುವ ಸ್ರಾವ, ತಡೆಯದ ರಕ್ತ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಸೆಳವು, ಒಂದು ಕಾಲು ಮಾತ್ರ ಊದುವುದು, ಇವುಗಳಲ್ಲೊಂದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ದೃಷ್ಟಿ ತೆಗೆಯುವುದನ್ನು ಬಂದಮೇಲೆ ಮಾಡಬಹುದು.

ಎಲ್ಲಕ್ಕಿಂತ ವ್ಯಾಪಕವಾದುದು ರಕ್ತಹೀನತೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿಗೆ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೪೮ ಮಂದಿಗೆ ಇದುಂಟು. ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ ೯೭ ಆಸ್ಪತ್ರೆಗಳಲ್ಲಿ ಆಗುತ್ತಿದ್ದುವೆಂದು ಕಂಡುಬಂದಿತು. ಎಂದರೆ, ಆಸ್ಪತ್ರೆಗೆ ಹೋಗುವುದನ್ನು ಹೆಂಗಸರು ಕಲಿತರು. ಆದರೆ ಅರ್ಧದಷ್ಟು ಜನ ಅಲ್ಲಿಗೆ ಹೋಗುವುದು ರಕ್ತವಿಲ್ಲದ ದೇಹವನ್ನು ಹೊತ್ತು. ಇದ್ದ ರಕ್ತವೇ ಕಡಮೆಯಾದವಳಿಗೆ ಹೆರಿಗೆಯ ಸಾಮಾನ್ಯ ರಕ್ತಸ್ರಾವವೂ ಮೃತ್ಯುವಾಗಬಹುದು. ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ, ಕಣ್ಣಿನ ಒಳರೆಪ್ಪೆ ಬಿಳಿಚುವುದು, ಮಣ್ಣು ಬಳಪ ತಿನ್ನುವ ಚಪಲ, ಇವೆಲ್ಲ ಸೋಮಾರಿತನವೂ ಅಲ್ಲ, ಗ್ರಹಚಾರವೂ ಅಲ್ಲ. ಕಾರಣಗಳು ಹಲವು: ಎಲ್ಲರೂ ಉಂಡಮೇಲೆ ಉಳಿದುದನ್ನು ಉಣ್ಣುವುದು, ಬೇಗ ಬೇಗ ಬಸಿರು, ಮುಟ್ಟಿನಲ್ಲಿ ಹೆಚ್ಚು ಹೋಗುವುದು, ಬರಿಗಾಲಿನಿಂದ ಸೇರುವ ಕೊಕ್ಕೆಹುಳು. ಕಬ್ಬಿಣದ ಮಾತ್ರೆಗಳು ಸರಕಾರದಿಂದ ಉಚಿತವಾಗಿ ದೊರೆಯುತ್ತವೆ. ಗರ್ಭಿಣಿಗೆ ನೂರೆಂಬತ್ತು ದಿನ, ಹೆತ್ತಮೇಲೆ ಮತ್ತೆ ನೂರೆಂಬತ್ತು ದಿನ. ಮಲ ಕಪ್ಪಾಯಿತೆಂದು ಹೆದರಿ ಬಿಸಾಡುವವರೇ ಬಹಳ. ಅದು ಮಾತ್ರೆಯ ಸಹಜ ಗುಣ. ಕಾಫಿ ಟೀಗಳ ಜೊತೆಯಲ್ಲಿ ನುಂಗಿದರೆ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕದ ಜೊತೆಗೋ ನೆಲ್ಲಿಕಾಯಿ ತಿಂದೋ ತೆಗೆದುಕೊಂಡರೆ ಚೆನ್ನಾಗಿ ಹತ್ತುವುದು. ಸುಣ್ಣದಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಬೇಕು. ನುಗ್ಗೆಸೊಪ್ಪು, ಹುರುಳಿ, ಮಾಂಸ ತಿನ್ನುವವರಿಗೆ ಮಾಂಸ, ಇವು ಸಹಾಯಕ. ಆದರೆ ರಕ್ತ ಬಹಳ ಇಳಿದಿದ್ದರೆ ಸೊಪ್ಪನ್ನೇ ನೆಚ್ಚಿ ಕೂರಬಾರದು.

ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹುಕಾಲದ ದೂರು. ಹಲ್ಲನ್ನೂ ಮೂಳೆಯನ್ನೂ ಕೆಡಿಸುವ ಆ ನೀರನ್ನು ಮೈಲಿಗಟ್ಟಲೆ ಹೊತ್ತು ತಂದವರೂ ಹೆಂಗಸರೇ. ತಿರುಮಣಿಯ ಸುತ್ತಣ ಐದು ಗ್ರಾಮಗಳಲ್ಲಿ ಸುಮಾರು ಹದಿಮೂರು ಸಾವಿರ ಎಕರೆಗಳ ಮೇಲೆ ಇಂದು ಸೂರ್ಯಶಕ್ತಿಯ ಫಲಕಗಳು ಹಬ್ಬಿವೆ. ಎರಡು ಸಾವಿರ ಮೆಗಾವ್ಯಾಟ್ ವಿದ್ಯುತ್ತಿನ ಸಾಮರ್ಥ್ಯ. ಶಿವನಸಮುದ್ರದ ಶಕ್ತಿ ಕೋಲಾರಕ್ಕೆ ಹೋದಂತೆ ಇದೂ ದೂರಕ್ಕೆ ಹೋಗುತ್ತದೆ. ಅಷ್ಟು ಬೆಳಕು ಕಳುಹಿಸುವ ಊರಿನ ಗರ್ಭಿಣಿಗೆ ನಡುರಾತ್ರಿಯಲ್ಲಿ ತಾಲ್ಲೂಕಿನಲ್ಲಿಯೇ ಪ್ರಸೂತಿ ವೈದ್ಯರೂ, ಅರಿವಳಿಕೆ ಕೊಡುವವರೂ, ಶೇಖರಿಸಿದ ರಕ್ತವೂ ದೊರೆಯಬೇಕೆಂದು ಕೇಳುವುದು ದುರಾಸೆಯಾಗದೆಂದು ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ.

ಮಹಾರಾಣಿಯವರ ಕಥೆಗೆ ಮರಳೋಣ. ಮಗನಿಗೆ ಅಧಿಕಾರವನ್ನೊಪ್ಪಿಸಿದಮೇಲೆ ಅವರು ಮೂವತ್ತೆರಡು ವರ್ಷ ಬದುಕಿದರು. ಆ ವರ್ಷಗಳಲ್ಲಿ ಕ್ಷಯವು ಅರಮನೆಯೊಳಕ್ಕೆ ಬಂದಿತು. ಕುಮಾರಿ ಕೃಷ್ಣಾಜಮ್ಮಣ್ಣಿಯವರು ಆ ರೋಗಕ್ಕೆ ತುತ್ತಾದರು. ರೋಗಾಣುವನ್ನು ಜರ್ಮನಿಯ ಕಾಕ್ ೧೮೮೨ರಲ್ಲಿಯೇ ಕಂಡುಹಿಡಿದಿದ್ದರೂ ಕೊಲ್ಲುವ ಮದ್ದು ೧೯೪೩ರವರೆಗೆ ಸಿಕ್ಕಿರಲಿಲ್ಲ. ವಿಶ್ರಾಂತಿ, ಗಾಳಿ, ಹಾಲು, ಇಷ್ಟೇ ಚಿಕಿತ್ಸೆ. ಮೈಸೂರಿನ ಕ್ಷಯರೋಗದ ಆಸ್ಪತ್ರೆ ಆ ಕುಮಾರಿಯ ಹೆಸರಿನಲ್ಲಿದೆ. ಅಲ್ಲಿಯ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ಚೆಲುವಾಂಬಾ ಎಂಬ ಹೆಸರನ್ನು ಹೊತ್ತಿದೆ. ಅರಸುಗಳ ಹೆಸರು ಕೆರೆಗೂ ವೃತ್ತಗಳಿಗೂ ಸೇರಿದರೆ, ಈ ತಾಯಿಮಕ್ಕಳ ಹೆಸರು ರೋಗಿಗಳ ಚೀಟಿಯ ಮೇಲೆ ಸೇರಿತು.

ಕ್ಷಯಕ್ಕೆ ಈಗ ಆರು ತಿಂಗಳ ಔಷಧವು ಉಚಿತ. ಬಿಡದೆ ನುಂಗಿದರೆ ಬಹುತೇಕ ಎಲ್ಲರಿಗೂ ಗುಣ. ಆದರೂ ಮದುವೆಯಾಗಬೇಕಾದ ಹುಡುಗಿಯ ಕೆಮ್ಮನ್ನು ಮುಚ್ಚಿಡುವ ತಂದೆತಾಯಿಗಳು ಇದ್ದಾರೆ. ಈ ರೋಗವು ಶ್ವಾಸಕೋಶವಲ್ಲದೆ ಗರ್ಭನಾಳಗಳನ್ನೂ ಹೊಗುವುದುಂಟು. ಆಗ ಬಂಜೆಯೆಂಬ ಅಪವಾದ ಸೊಸೆಯ ತಲೆಗೆ.

೧೯೩೦ರಲ್ಲಿ ಕೃಷ್ಣರಾಜ ಒಡೆಯರವರ ಸರಕಾರವು ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ಸರಕಾರಿ ಆಸ್ಪತ್ರೆಗಳಲ್ಲಿ ತೆರೆಯಲು ಆಜ್ಞೆ ಮಾಡಿತು. ಸರಕಾರವೇ ನಡೆಸಿದ ಅಂಥವುಗಳಲ್ಲಿ ಇವು ಲೋಕದಲ್ಲಿಯೇ ಮೊದಲ ಸಾಲಿನವು. ಹನ್ನೆರಡರಲ್ಲಿ ಮದುವೆಯಾದ ತಾಯಿ ಆಗ ಅರುವತ್ತನಾಲ್ಕರ ಹಿರಿಯರಾಗಿ ಬದುಕಿದ್ದರು. ಹೆರಿಗೆಯಿಂದ ಹೆರಿಗೆಗೆ ಮೂರು ವರ್ಷದಷ್ಟಾದರೂ ಅಂತರವಿದ್ದರೆ ತಾಯಿಯ ರಕ್ತ ತುಂಬಿಕೊಳ್ಳುವುದು, ಕೂಸಿಗೆ ಹಾಲು ದಕ್ಕುವುದು. ಇದರ ಉಪಾಯಗಳು ಇಂದು ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಉಂಟು. ಗಂಡಸಿನ ಶಸ್ತ್ರಚಿಕಿತ್ಸೆ ಹೆಂಗಸಿನದಕ್ಕಿಂತ ಸುಲಭವಾದರೂ ಮೇಜಿನ ಮೇಲೆ ಮಲಗುವವಳು ಹೆಚ್ಚಾಗಿ ಹೆಂಗಸೇ ಎಂಬುದನ್ನು ನಮ್ಮ ಪುರುಷ ವಾಚಕರು ಗಮನಿಸಬಹುದು.

೧೯೩೪ರ ಜುಲೈ ೭ರಂದು ಮಹಾರಾಣಿಯವರು ದೈವಾಧೀನರಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ತೆರೆದದ್ದು ಮರುವರ್ಷ, ೧೯೩೫ರಲ್ಲಿ. ಅದು ಈಗ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಹಗಲಿರುಳೂ ಅಲ್ಲಿ ಹೆರಿಗೆಗಳು ನಡೆಯುತ್ತವೆ.