ಶ್ರೀ ವೀರಚಂದ ರಾಘವಜಿ ಗಾಂಧಿ

ನ್ಯಾಯಶಾಸ್ತ್ರದ ಪಾಂಡಿತ್ಯವನ್ನು ಧನಾರ್ಜನೆಗಿಂತ ಮಿಗಿಲಾಗಿ ತೀರ್ಥರಕ್ಷಣೆಗೆ ಮೀಸಲಿಟ್ಟ ಮಹನೀಯರಲ್ಲಿ ಶ್ರೀ ವೀರಚಂದ ರಾಘವಜಿ ಗಾಂಧಿಯವರ ಹೆಸರು ಅಗ್ರಗಣ್ಯವಾದುದು. ಸೌರಾಷ್ಟ್ರದ ಭಾವನಗರದ ಸಮೀಪದ ಮಹುವಾದಲ್ಲಿ 1864ರ ಆಗಸ್ಟ್ 25ರಂದು ಶ್ವೇತಾಂಬರ ಜೈನ ಮನೆತನದಲ್ಲಿ ಜನಿಸಿದ ಅವರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1884ರಲ್ಲಿ ಪದವೀಧರರಾದರು. ಮರುವರ್ಷವೇ, ಇಪ್ಪತ್ತೊಂದರ ಪ್ರಾಯದಲ್ಲಿ, ಭಾರತ ಜೈನ ಸಂಘದ ಕಾರ್ಯದರ್ಶಿತ್ವ ಅವರ ಪಾಲಿಗೆ ಬಂದಿತು.

ಆಗ ಪಾಲಿತಾಣಾ ಸಂಸ್ಥಾನವು ಶತ್ರುಂಜಯ ಗಿರಿಯ ಯಾತ್ರಿಕರಿಂದ ತಲೆಗಂದಾಯ ವಸೂಲು ಮಾಡುತ್ತಿದ್ದಿತು. ವೀರಚಂದರು ಬ್ರಿಟಿಷ್ ಅಧಿಕಾರಿಗಳೊಡನೆ ಸಂಧಾನ ನಡೆಸಿದುದರ ಫಲವಾಗಿ 1886ರಲ್ಲಿ ಒಪ್ಪಂದವೇರ್ಪಟ್ಟಿತು. ವರ್ಷಕ್ಕೆ 15,000 ರೂಪಾಯಿಗಳನ್ನು ಸಮಾಜವೇ ಒಟ್ಟಾಗಿ ಸಲ್ಲಿಸುವುದೆಂದಾಗಿ, ಬಡ ಯಾತ್ರಿಕನು ಸುಂಕದ ಕಿರುಕುಳದಿಂದ ಪಾರಾದನು.

ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದಶಿಖರಕ್ಕೆ 1891ರಲ್ಲಿ ಇನ್ನೂ ಘೋರವಾದ ವಿಪತ್ತೊದಗಿತು. ಆಂಗ್ಲನೊಬ್ಬನು ಅಲ್ಲಿ ಹಂದಿಗಳನ್ನು ಕೊಂದು ಕೊಬ್ಬು ತೆಗೆಯುವ ಕಾರ್ಖಾನೆಯನ್ನು ಸ್ಥಾಪಿಸಿದನು. ಕೆಳಗಿನ ನ್ಯಾಯಾಲಯದಲ್ಲಿ ಸೋಲಾದರೂ ವೀರಚಂದರು ಧೃತಿಗೆಡಲಿಲ್ಲ. ಕಲ್ಕತ್ತೆಯಲ್ಲಿ ನೆಲಸಿ, ಹಳೆಯ ದಾಖಲೆಗಳನ್ನು ತಾವೇ ಓದಲೆಂದು ಬಂಗಾಳಿಯನ್ನು ಕಲಿತು, ಮೇಲ್ಮನವಿಯಲ್ಲಿ ಜಯ ಗಳಿಸಿದರು. ಆ ಗಿರಿಯನ್ನು ದಿಗಂಬರರೂ ಶ್ವೇತಾಂಬರರೂ ಸಮಾನವಾಗಿ ವಂದಿಸುವುದರಿಂದ ಆ ಜಯ ಸಮಸ್ತ ಜೈನ ಸಮಾಜದ್ದಾಯಿತು.

1893ರ ಸೆಪ್ಟೆಂಬರಿನಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ವಿಶ್ವಧರ್ಮ ಸಮ್ಮೇಳನ ಜರುಗಿತು. ಆಹ್ವಾನಿತರಾಗಿದ್ದ ಆಚಾರ್ಯ ಆತ್ಮಾರಾಮಜೀಯವರಿಗೆ ಮುನಿಧರ್ಮದ ನಿಯಮದಿಂದಾಗಿ ಸಮುದ್ರಯಾನ ಸಾಧ್ಯವಿರಲಿಲ್ಲ. ಅವರು ವೀರಚಂದರಿಗೆ ಶಾಸ್ತ್ರಗಳ ಶಿಕ್ಷಣವಿತ್ತು ಕಳುಹಿಸಿಕೊಟ್ಟರು. ಸಮುದ್ರ ದಾಟಿದವರನ್ನು ಸಮಾಜವು ಶಂಕೆಯಿಂದ ನೋಡುತ್ತಿದ್ದ ಕಾಲವದು. ವಿರೋಧವಿದ್ದರೂ ಅವರು ಹಿಂಜರಿಯಲಿಲ್ಲ. ಪರದೇಶದಲ್ಲಿಯೂ ಸಸ್ಯಾಹಾರ ವ್ರತವನ್ನು ಬಿಡಲಿಲ್ಲ. ಅದೇ ಸಭೆಯಲ್ಲಿ ಪಾದ್ರಿಯೊಬ್ಬರು ಹಿಂದೂಗಳನ್ನು ನಿಂದಿಸಿದಾಗ, ತಮ್ಮ ಮತವಲ್ಲವೆಂದು ಸುಮ್ಮನಿರದೆ ತಕ್ಕ ಉತ್ತರ ನೀಡಿದರು. ಅನೇಕಾಂತವನ್ನು ಬೋಧಿಸಲು ಹೋದವರಿಗೆ ಇದು ಶೋಭಿಸುವಂತಹ ನಡೆಯೇ ಸರಿ.

ಮುಂದೆ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಅವರು ಜೈನ ತತ್ತ್ವಜ್ಞಾನ, ಕರ್ಮಸಿದ್ಧಾಂತಗಳನ್ನು ಕುರಿತು ಅನೇಕ ಉಪನ್ಯಾಸಗಳನ್ನಿತ್ತರು. ಭಾರತದ ಸ್ತ್ರೀಶಿಕ್ಷಣಕ್ಕಾಗಿ ಅಮೆರಿಕದಲ್ಲಿ ಸಂಘವೊಂದು ಅವರ ಪ್ರಯತ್ನದಿಂದ ಹುಟ್ಟಿತು. 1896-97ರ ಕ್ಷಾಮಕಾಲದಲ್ಲಿ ಅಲ್ಲಿಂದ ಧಾನ್ಯ ತುಂಬಿದ ಹಡಗು ಭಾರತಕ್ಕೆ ಬರುವಂತೆ ಶ್ರಮಿಸಿದರು.

ಅವಿರತ ದುಡಿಮೆಯಿಂದ ದೇಹವು ಬಳಲಿತ್ತು. 1901ರ ಆಗಸ್ಟ್ 7ರಂದು ಮುಂಬಯಿಯಲ್ಲಿ ಅವರು ದಿವಂಗತರಾದಾಗ ಮೂವತ್ತೇಳು ವರ್ಷಗಳೂ ತುಂಬಿರಲಿಲ್ಲ. ಜಿನಬಿಂಬವನ್ನು ಪ್ರತಿಷ್ಠಾಪಿಸುವುದು ಪುಣ್ಯಕಾರ್ಯ; ಪ್ರತಿಷ್ಠಿತವಾದ ತೀರ್ಥವನ್ನು ಕಾಪಾಡುವುದೂ ಅಷ್ಟೇ ಪುಣ್ಯಕಾರ್ಯವೆಂಬುದಕ್ಕೆ ಅವರ ಅಲ್ಪಾಯುಷ್ಯದ ಬಾಳು ಸಾಕ್ಷಿಯಾಗಿದೆ.