ಸಿಪಾಯಿಗಳ ನೆಚ್ಚಿನ ಜನರಲ್ ತಿಮ್ಮಯ್ಯ

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಿಂದ ಸೈನ್ಯ ಸೇರಬಯಸುವ ಹುಡುಗರು ಇಂದಿಗೂ ಇದ್ದಾರೆ. ಅವರೆಲ್ಲ ತಿಳಿದಿರಬೇಕಾದ ಹೆಸರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರದು.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ನಂತರ ಡೆಹ್ರಾಡೂನಿನ ಸೈನಿಕ ಕಾಲೇಜಿನಲ್ಲಿ ಕಲಿತರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಮುಗಿಸಿ 1926ರಲ್ಲಿ ಅಧಿಕಾರಿಯಾದರು. ಭಾರತೀಯರಿಗೆ ದೊಡ್ಡ ಹುದ್ದೆ ಕೊಡಲು ಆಂಗ್ಲರು ಹಿಂಜರಿಯುತ್ತಿದ್ದ ಕಾಲವದು. ಆದರೂ ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನಿನಲ್ಲಿ ಪಡೆ ನಡೆಸಿ ಡಿ.ಎಸ್.ಓ. ಪದಕ ಗಳಿಸಿದರು.

1947ರ ವಿಭಜನೆಯ ಹೊತ್ತಿಗೆ ಅವರು ಪಂಜಾಬಿನಲ್ಲಿದ್ದರು. ಎರಡೂ ಕಡೆಯಿಂದ ಮನೆಮಾರು ಬಿಟ್ಟು ಹೊರಟ ಹಿಂದೂ, ಸಿಖ್, ಮುಸ್ಲಿಂ ಕುಟುಂಬಗಳ ರಕ್ಷಣೆ ಸೈನ್ಯದ ಹೆಗಲಿಗೆ ಬಿದ್ದಿತ್ತು.

ಮರುವರ್ಷ ಕಾಶ್ಮೀರ. ಲಡಾಖ್‌ನ ದಾರಿ ಜೋಜಿಲಾ ಕಣಿವೆಯಲ್ಲಿ ಮುಚ್ಚಿಹೋಗಿತ್ತು. ಕಾಲ್ದಳದ ದಾಳಿಗಳು ಫಲಿಸಲಿಲ್ಲ. 11,500 ಅಡಿ ಎತ್ತರಕ್ಕೆ ಟ್ಯಾಂಕ್ ಏರಿಸುವ ಸಾಹಸಕ್ಕೆ ತಿಮ್ಮಯ್ಯ ಮುಂದಾದರು. ಬೆಂಗಳೂರು ಕೇಂದ್ರದ ಮದ್ರಾಸ್ ಸ್ಯಾಪರ್ಸ್ ಯೋಧರು ಹೇಸರಗತ್ತೆಯ ಹಾದಿಯನ್ನು ಅಗಲ ಮಾಡಿಕೊಟ್ಟರು. 1948ರ ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆ ದಾಟಿದವು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಸೇರಿ ಲೇಹ್‌ನ ದಾರಿ ತೆರೆಯಿತು.

1953ರಲ್ಲಿ ಕೊರಿಯಾದಲ್ಲಿ ತಾಯ್ನಾಡಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ಎದ್ದಾಗ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಅವರಿಗೇ ಬಂತು. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು.

ಇಲ್ಲಿ ಅವರ ಬದುಕಿನ ಕಠಿಣ ಪರೀಕ್ಷೆ ಬಂತು. ರಕ್ಷಣಾ ಸಚಿವ ಕೃಷ್ಣ ಮೆನನ್‌ರೊಡನೆ ಮನಸ್ತಾಪ ಬೆಳೆದು 1959ರಲ್ಲಿ ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಮನವೊಲಿಸಿದ್ದರಿಂದ ಹಿಂಪಡೆದರು. ಆದರೆ ಸಂಸತ್ತಿನಲ್ಲಿ ನೆಹರೂ ಅವರ ನಡೆಯನ್ನೇ ಟೀಕಿಸಿದರು. ಹಿಂಪಡೆಯಬಾರದಿತ್ತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಕೋವಿ ಹಿಡಿದವನು ಜನರು ಆರಿಸಿದ ಸರ್ಕಾರಕ್ಕೆ ತಲೆಬಾಗಬೇಕು. ನೆರೆಹೊರೆಯ ದೇಶಗಳಲ್ಲಿ ಸೇನಾಧಿಪತಿಗಳು ಗದ್ದುಗೆ ಏರುತ್ತಿದ್ದ ಕಾಲದಲ್ಲಿ ಅವರು ಅವಮಾನ ನುಂಗಿ ಕರ್ತವ್ಯಕ್ಕೆ ಮರಳಿದರು. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧದಲ್ಲಿ ದೇಶ ಸೋತಿತು.

1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ದ್ವೀಪಕ್ಕೆ ಕರೆಯಿತು. ಗ್ರೀಕ್ ಕ್ರೈಸ್ತರೂ ತುರ್ಕ ಮುಸ್ಲಿಮರೂ ಕಾದಾಡುತ್ತಿದ್ದ ನೆಲದಲ್ಲಿ ಶಾಂತಿಪಡೆಯ ದಂಡನಾಯಕರಾಗಿ ದುಡಿಯುತ್ತಲೇ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಶಾಲಾ ಪ್ರವಾಸ ಕೊಡಗಿಗೆ ಹೋದರೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ. ಯುದ್ಧ ಗೆದ್ದವರು ಬಹಳ. ಗೆದ್ದ ಕೈಯಿಂದಲೇ ಜಗಳ ಬಿಡಿಸಿದವರು ಕಡಿಮೆ ಎಂಬುದನ್ನು ಅವರು ಆ ಮನೆಯಲ್ಲಿ ನಿಂತು ತಿಳಿಯಲಿ.